ಹಂಚಿದಷ್ಟೂ ಹೆಚ್ಚುವ ಸಂಪತ್ತು

ನಾವು ಚಿಕ್ಕವರಿದ್ದಾಗ ನಮ್ಮ ಓಣಿಯಲ್ಲಿ ಒಬ್ಬರು ಅಜ್ಜಿ ಇದ್ದರು. ದೊಡ್ಡವರು, ಚಿಕ್ಕವರು ಎಲ್ಲರೂ ಅವರನ್ನು ನಾನಿ ಎಂದೇ ಕರೆಯುತ್ತಿದ್ದೆವು. ಅವರು ಹಾಕುತ್ತಿದ್ದ ಮಾವಿನ ಮಿಡಿ ಉಪ್ಪಿನಕಾಯಿ ಎರಡು ಮಳೆಗಾಲ ಕಳೆದರೂ ಕೆಡುತ್ತಿರಲಿಲ್ಲ. ಜಾಡಿಯ ಬಾಯಿ ಬಿಚ್ಚಿದರೆ ಪಕ್ಕದ ಮನೆಯವರಿಗೂ ಹಸಿವಾಗುತ್ತಿತ್ತು. “ನಾನಿ, ಉಪ್ಪು ಎಷ್ಟು ಹಾಕುತ್ತೀರಿ?” ಎಂದು ಯಾರಾದರೂ ಕೇಳಿದರೆ, “ಅದು ನನ್ನ ಕೈಗೆ ಗೊತ್ತು ಮಗಾ” ಎಂದು ನಕ್ಕುಬಿಡುತ್ತಿದ್ದರು. ಸೊಸೆಯಂದಿರಿಗೂ ಹೇಳಿಕೊಟ್ಟಿರಲಿಲ್ಲ. ಒಂದು ಚಳಿಗಾಲದಲ್ಲಿ ನಾನಿ ತೀರಿಕೊಂಡರು. ಮರುವರ್ಷ ಸೊಸೆಯಂದಿರು ಹಾಕಿದ ಉಪ್ಪಿನಕಾಯಿಗೆ ಒಂದೇ ತಿಂಗಳಲ್ಲಿ ಬೂಸ್ಟು ಬಂತು.

ಉಪ್ಪಿನಕಾಯಿ ಹೋದರೆ ಹೋಗಲಿ ಎನ್ನಬಹುದು. ಆದರೆ ಮನುಷ್ಯ ಕಂಡುಕೊಂಡ ಎಷ್ಟೋ ಔಷಧಿಗಳು, ಕುಶಲ ಕಲೆಗಳು, ಲೆಕ್ಕಾಚಾರಗಳು ಹೀಗೆಯೇ ಒಬ್ಬರ ಎದೆಯೊಳಗೆ ಬೀಗ ಹಾಕಿಕೊಂಡು ಮಣ್ಣು ಸೇರಿವೆ. ಹಣ ಹಂಚಿದರೆ ಕಡಿಮೆಯಾಗುತ್ತದೆ, ಅನ್ನ ಹಂಚಿದರೆ ಪಾತ್ರೆ ಬರಿದಾಗುತ್ತದೆ. ತಿಳಿವಳಿಕೆಯನ್ನು ಹಂಚಿದರೆ ಕೊಟ್ಟವರ ಬಳಿಯೂ ಉಳಿಯುತ್ತದೆ, ಪಡೆದವರ ಬಳಿಯೂ ಬೆಳೆಯುತ್ತದೆ. ಇಷ್ಟು ಸರಳವಾದ ಮಾತನ್ನು ಜಗತ್ತು ಒಪ್ಪಿಕೊಳ್ಳಲು ಬಹಳ ಕಾಲ ಬೇಕಾಯಿತು. ಇಂದು ನಮ್ಮ ಮಕ್ಕಳು ಮೊಬೈಲಿನಲ್ಲಿ ಬೆರಳಾಡಿಸಿ ಯಾವ ವಿಷಯವನ್ನಾದರೂ ಹುಡುಕುತ್ತಾರೆ. ಅದರ ಹಿಂದೆ ನೂರೈವತ್ತು ವರ್ಷಗಳಿಗೂ ಹಿಂದಿನಿಂದ ಕನಸು ಕಂಡ, ದುಡಿದ, ಕೆಲವೊಮ್ಮೆ ಸೋತುಹೋದ ಅನೇಕರ ಕತೆ ಇದೆ.

ಒಂದು ಎತ್ತಿನ ತೂಕ

1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಎಂಬ ಊರಿನಲ್ಲಿ ಜಾನುವಾರು ಪ್ರದರ್ಶನವೊಂದು ನಡೆಯಿತು. ಅಲ್ಲಿ ಒಂದು ಸ್ಪರ್ಧೆ. ಕೊಬ್ಬಿದ ಒಂದು ಎತ್ತನ್ನು ನಿಲ್ಲಿಸಿದ್ದರು. ಅದನ್ನು ಕಡಿದು ಶುಚಿ ಮಾಡಿದ ಮೇಲೆ ಮಾಂಸ ಎಷ್ಟು ತೂಗಬಹುದು ಎಂದು ಊಹಿಸಿ ಚೀಟಿಯಲ್ಲಿ ಬರೆದುಕೊಡಬೇಕು. ಚೀಟಿಗೆ ಆರು ಪೆನ್ನಿ. ಹತ್ತಿರದ ಊಹೆ ಮಾಡಿದವರಿಗೆ ಬಹುಮಾನ. ಸುಮಾರು 800 ಮಂದಿ ಚೀಟಿ ಕೊಂಡರು. ಅವರಲ್ಲಿ ಕಟುಕರಿದ್ದರು, ರೈತರಿದ್ದರು, ಸುಮ್ಮನೆ ತಮಾಷೆ ನೋಡಲು ಬಂದವರೂ ಇದ್ದರು.

ಆ ಚೀಟಿಗಳನ್ನು ಫ್ರಾನ್ಸಿಸ್ ಗಾಲ್ಟನ್ ಎಂಬ ವೃದ್ಧ ವಿಜ್ಞಾನಿ ಕೇಳಿ ಪಡೆದುಕೊಂಡರು. ಅವರು ಚಾರ್ಲ್ಸ್ ಡಾರ್ವಿನ್‌ರ ಹತ್ತಿರದ ಸಂಬಂಧಿ. ಹುಟ್ಟಿನಿಂದಲೇ ಕೆಲವರು ಶ್ರೇಷ್ಠರು, ಕೆಲವರು ಕೀಳು ಎಂದು ಬಲವಾಗಿ ನಂಬಿದ್ದವರು. ಸಾಮಾನ್ಯ ಜನರ ಬುದ್ಧಿಯ ಬಗ್ಗೆ ಅವರಿಗೆ ಹೆಚ್ಚಿನ ಗೌರವವಿರಲಿಲ್ಲ. ಅಂಥವರು ಓದಲು ಬರುವಂತಿದ್ದ 787 ಚೀಟಿಗಳನ್ನು ಚಿಕ್ಕ ಸಂಖ್ಯೆಯಿಂದ ದೊಡ್ಡ ಸಂಖ್ಯೆಗೆ ಸಾಲಾಗಿ ಜೋಡಿಸಿ ನಟ್ಟನಡುವಿನ ಊಹೆ ಯಾವುದೆಂದು ನೋಡಿದರು. ಅದು 1207 ಪೌಂಡ್ ಆಗಿತ್ತು. ಮಾಂಸದ ನಿಜವಾದ ತೂಕ 1198 ಪೌಂಡ್, ಅಂದರೆ ಸುಮಾರು 543 ಕಿಲೋ. ವ್ಯತ್ಯಾಸ ಕೇವಲ 9 ಪೌಂಡ್! ಎಲ್ಲ ಊಹೆಗಳನ್ನು ಕೂಡಿಸಿ ಸರಾಸರಿ ತೆಗೆದಾಗ ಬಂದದ್ದು 1197. ನಿಜಕ್ಕಿಂತ ಒಂದೇ ಒಂದು ಪೌಂಡ್ ಕಡಿಮೆ. 1907ರಲ್ಲಿ ಗಾಲ್ಟನ್ ಇದನ್ನು ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಾಮಾಣಿಕವಾಗಿ ಬರೆದರು. ತಾನು ನಿರೀಕ್ಷಿಸಿದ್ದಕ್ಕಿಂತ ಜನರ ತೀರ್ಪು ಹೆಚ್ಚು ನಂಬಿಕೆಗೆ ಅರ್ಹವಾಗಿದೆ ಎಂದು ಒಪ್ಪಿಕೊಂಡರು.

ಇದು ಹೇಗೆ ಸಾಧ್ಯ? ಒಬ್ಬನಿಗೆ ಎತ್ತಿನ ಎಲುಬಿನ ಅಂದಾಜಿದೆ, ಇನ್ನೊಬ್ಬನಿಗೆ ಕೊಬ್ಬಿನ ಅಂದಾಜಿದೆ. ಒಬ್ಬ ಹೆಚ್ಚು ಹೇಳುತ್ತಾನೆ, ಇನ್ನೊಬ್ಬ ಕಡಿಮೆ ಹೇಳುತ್ತಾನೆ. ಎಲ್ಲರನ್ನೂ ಸೇರಿಸಿದಾಗ ಹೆಚ್ಚಿನ ತಪ್ಪು ಕಡಿಮೆಯ ತಪ್ಪನ್ನು ಹೊಡೆದುಹಾಕುತ್ತದೆ. ಪ್ರತಿಯೊಬ್ಬರಲ್ಲೂ ಇರುವ ಚೂರು ಚೂರು ತಿಳಿವಳಿಕೆ ಮಾತ್ರ ಉಳಿದುಕೊಳ್ಳುತ್ತದೆ. ಒಂದು ಮುಖ್ಯ ವಿಷಯವನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ಅವರೆಲ್ಲ ಒಬ್ಬರನ್ನೊಬ್ಬರು ನೋಡಿ ಬರೆದವರಲ್ಲ. ಪ್ರತಿಯೊಬ್ಬರೂ ತಮ್ಮ ಕಣ್ಣಿನಿಂದಲೇ ನೋಡಿ, ತಮ್ಮ ಜೇಬಿನ ಆರು ಪೆನ್ನಿ ಕೊಟ್ಟು, ತಮ್ಮ ಬುದ್ಧಿಯಿಂದಲೇ ಬರೆದವರು. ಈ ಮಾತಿಗೆ ಮುಂದೆ ಮತ್ತೆ ಬರೋಣ.

ಅಂಚೆಯಲ್ಲಿ ಬಂದ ನಿಘಂಟು

ಜನರ ಕೂಡು ಬುದ್ಧಿಯಿಂದ ಊಹೆ ಮಾಡಬಹುದು, ಸರಿ. ಒಂದು ದೊಡ್ಡ ಗ್ರಂಥವನ್ನೇ ರಚಿಸಬಹುದೇ? ಹೌದು, ರಚಿಸಿದ್ದಾರೆ. ಅದೇ ಪ್ರಸಿದ್ಧವಾದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು.

1857ರಲ್ಲಿ ಲಂಡನ್ನಿನ ಭಾಷಾ ವಿದ್ವಾಂಸರ ಸಂಘವೊಂದು ಇಂಗ್ಲಿಷಿನ ಪ್ರತಿಯೊಂದು ಪದದ ಚರಿತ್ರೆಯನ್ನೂ ದಾಖಲಿಸಬೇಕೆಂದು ಆಲೋಚಿಸಿತು. ಒಂದು ಪದ ಮೊದಲು ಯಾವಾಗ ಬಳಕೆಯಾಯಿತು, ಅದರ ಅರ್ಥ ಹೇಗೆ ಬದಲಾಯಿತು ಎಂಬುದನ್ನು ಹಳೆಯ ಪುಸ್ತಕಗಳಿಂದಲೇ ಸಾಕ್ಷಿ ಸಮೇತ ತೋರಿಸಬೇಕು. ಅಷ್ಟೊಂದು ಪುಸ್ತಕಗಳನ್ನು ಓದುವವರು ಯಾರು? ಹತ್ತು ವಿದ್ವಾಂಸರು ಜೀವಮಾನವಿಡೀ ಓದಿದರೂ ಮುಗಿಯುವ ಕೆಲಸವಲ್ಲ. 1879ರಲ್ಲಿ ಸಂಪಾದಕರಾದ ಜೇಮ್ಸ್ ಮರ್ರೆ ಎಂಬ ಶಾಲಾ ಮೇಷ್ಟ್ರು ಇಂಗ್ಲಿಷ್ ಬಲ್ಲ ಎಲ್ಲರಿಗೂ ಒಂದು ಮನವಿ ಮಾಡಿಕೊಂಡರು. ನೀವು ಯಾವ ಪುಸ್ತಕ ಓದಿದರೂ ಅದರಲ್ಲಿ ಗಮನ ಸೆಳೆದ ಪದವನ್ನು ಒಂದು ಚೀಟಿಯಲ್ಲಿ ಬರೆಯಿರಿ. ಪುಸ್ತಕದ ಹೆಸರು, ವರ್ಷ, ಪುಟ, ಆ ಪದ ಬಂದ ವಾಕ್ಯ, ಇಷ್ಟನ್ನು ಬರೆದು ಅಂಚೆಗೆ ಹಾಕಿರಿ. ಮನವಿಯ ಸಾರ ಇಷ್ಟೇ.

ಚೀಟಿಗಳು ಬರತೊಡಗಿದವು. ಬ್ರಿಟನ್ನಿನಿಂದ, ಅಮೆರಿಕದಿಂದ, ಎಲ್ಲೆಲ್ಲಿಂದಲೋ ಬಂದವು. ಮರ್ರೆ ಮನೆಯಂಗಳದಲ್ಲಿ ತಗಡಿನ ಒಂದು ಕೊಟ್ಟಿಗೆ ಕಟ್ಟಿಸಿ, ಅದರಲ್ಲಿ ಸಾವಿರಕ್ಕೂ ಹೆಚ್ಚು ಗೂಡುಗಳ ಕಪಾಟು ಮಾಡಿಸಿದರು. ಅವರಿಗೆ ಹನ್ನೊಂದು ಮಕ್ಕಳು. ಅಕ್ಷರ ಬಲ್ಲ ಮಕ್ಕಳೆಲ್ಲ ಚಿಲ್ಲರೆ ಕಾಸಿಗಾಗಿ ಚೀಟಿಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸುತ್ತಿದ್ದರು. ಆಕ್ಸ್‌ಫರ್ಡಿಗೆ ಬಂದ ಮೇಲೆ ಅಂಚೆಯ ಭಾರ ಎಷ್ಟಾಯಿತೆಂದರೆ ಅವರ ಮನೆಯ ಮುಂದೆಯೇ ಅಂಚೆ ಇಲಾಖೆ ಒಂದು ಪೆಟ್ಟಿಗೆ ನೆಟ್ಟಿತು. ಕೊನೆಗೆ ಒಟ್ಟುಗೂಡಿದ ಚೀಟಿಗಳು ಸುಮಾರು ಐವತ್ತು ಲಕ್ಷ!

ಯಾರು ಕಳಿಸಿದವರು? ಪಾದ್ರಿಗಳು, ಮೇಷ್ಟ್ರುಗಳು, ವೈದ್ಯರು, ಮನೆಯಲ್ಲೇ ಇದ್ದ ಹೆಣ್ಣುಮಕ್ಕಳು. ವಿಲಿಯಂ ಮೈನರ್ ಎಂಬ ಅಮೆರಿಕದ ಸೇನಾ ವೈದ್ಯ ಮನೋರೋಗದ ಭ್ರಮೆಯಲ್ಲಿ ಒಬ್ಬ ಬಡಪಾಯಿಯನ್ನು ಕೊಂದು ಬ್ರಾಡ್‌ಮೂರ್ ಎಂಬ ಹುಚ್ಚಾಸ್ಪತ್ರೆಯಲ್ಲಿ ಬಂಧಿಯಾಗಿದ್ದರು. ಆ ಕೋಣೆಯಿಂದಲೇ ಅವರು ಸುಮಾರು ಇಪ್ಪತ್ತು ವರ್ಷಗಳ ಕಾಲ ಸಾವಿರಾರು ಚೀಟಿಗಳನ್ನು ಬರೆದು ಕಳಿಸಿದರು. ಸಮಾಜ ಕೈಬಿಟ್ಟ ಮನುಷ್ಯನ ಬುದ್ಧಿಯೂ ಸಮಾಜಕ್ಕೆ ಉಪಯೋಗವಾಯಿತು. ಈಡಿತ್ ಥಾಮ್ಸನ್ ಎಂಬ ಮಹಿಳೆ ಮತ್ತು ಅವರ ತಂಗಿ ಸೇರಿ ಸುಮಾರು 15,000 ಉದಾಹರಣೆಗಳನ್ನು ಕಳಿಸಿದರು. ಈಡಿತ್ ವರ್ಷಗಟ್ಟಲೆ ಅಚ್ಚಿನ ಕರಡನ್ನೂ ತಿದ್ದಿಕೊಟ್ಟರು. ವಿಶ್ವವಿದ್ಯಾಲಯದ ಬಾಗಿಲು ಹೆಣ್ಣುಮಕ್ಕಳಿಗೆ ಸರಿಯಾಗಿ ತೆರೆದಿರದ ಕಾಲದಲ್ಲಿ, ಆ ವಿಶ್ವವಿದ್ಯಾಲಯದ ಹೆಸರಿನ ನಿಘಂಟನ್ನು ಕಟ್ಟುವುದರಲ್ಲಿ ಅವರ ಕೈಯಿತ್ತು.

ಕಷ್ಟಗಳಿರಲಿಲ್ಲವೆಂದಲ್ಲ. ‘ಪ’ ಉಚ್ಚಾರದ ಒಂದು ಕಟ್ಟು ಚೀಟಿಗಳು ಐರ್ಲೆಂಡಿನ ಒಂದು ಕುದುರೆ ಲಾಯದಲ್ಲಿ ಬೆಂಕಿ ಹೊತ್ತಿಸಲು ಬಳಕೆಯಾಗಿ ಚೂರುಪಾರು ಮಾತ್ರ ಸಿಕ್ಕಿದವು. ‘ಬಾಂಡ್‌ಮೇಡ್’ ಎಂಬ ಪದದ ಚೀಟಿ ಕಳೆದುಹೋಗಿ ಆ ಪದವೇ ನಿಘಂಟಿನಿಂದ ಬಿಟ್ಟುಹೋಯಿತು. ಆ ಪದದ ಅರ್ಥ ದಾಸಿ ಎಂದು. ಬದುಕಿನಲ್ಲಿ ಯಾರ ಲೆಕ್ಕಕ್ಕೂ ಬಾರದ ಹೆಣ್ಣು ನಿಘಂಟಿನಲ್ಲೂ ಕಳೆದುಹೋದಳು. 1933ರ ಪೂರಕ ಸಂಪುಟದಲ್ಲಷ್ಟೇ ಅವಳಿಗೆ ಜಾಗ ಸಿಕ್ಕಿತು.

ಹತ್ತು ವರ್ಷಗಳಲ್ಲಿ ಮುಗಿಯಬೇಕಿದ್ದ ಕೆಲಸ ಮುಗಿದದ್ದು 1928ರಲ್ಲಿ. ಮರ್ರೆ 1915ರಲ್ಲೇ ನಿಧನರಾಗಿದ್ದರು. ನಾಲ್ಕು ಲಕ್ಷಕ್ಕೂ ಹೆಚ್ಚು ಪದಗಳು, ಹದಿನೆಂಟು ಲಕ್ಷಕ್ಕೂ ಹೆಚ್ಚು ಉದಾಹರಣೆಗಳು. ಲಂಡನ್ನಿನಲ್ಲಿ ದೊಡ್ಡ ಔತಣಕೂಟ ನಡೆಯಿತು. ಆದರೆ ಊಟದ ಮೇಜಿಗೆ ಗಂಡಸರಿಗಷ್ಟೇ ಆಹ್ವಾನ. ದುಡಿದ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಮೇಲಿನ ಗ್ಯಾಲರಿಯಲ್ಲಿ ಕುಳಿತು ನೋಡುವ ಭಾಗ್ಯ ಸಿಕ್ಕಿತು. ಅಡುಗೆ ಮಾಡಿದವಳಿಗೆ ತಳ ಹಿಡಿದದ್ದು ಎಂಬ ನಮ್ಮ ಮನೆಗಳ ಕತೆಯೇ ಅಲ್ಲಿಯೂ!

ಕಾಗದದ ಅಂತರ್ಜಾಲ

ಇದೇ ಕಾಲದಲ್ಲಿ ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸ್‌ನಲ್ಲಿ ಪಾಲ್ ಓಟ್ಲೆ ಎಂಬ ಯುವ ವಕೀಲರಿಗೆ ಇನ್ನೂ ದೊಡ್ಡ ಕನಸು ಬಿತ್ತು. ಜಗತ್ತಿನಲ್ಲಿ ಯಾವ ವಿಷಯದ ಮೇಲೆ ಯಾರು ಏನು ಬರೆದಿದ್ದಾರೆ ಎಂಬುದನ್ನೆಲ್ಲ ಒಂದೇ ಕಡೆ ಪಟ್ಟಿ ಮಾಡಿದರೆ ಹೇಗೆ? ಅವರ ಜೊತೆಗೂಡಿದವರು ಹೆನ್ರಿ ಲಾ ಫೊಂಟೇನ್. ಶಾಂತಿಗಾಗಿ ದುಡಿದ ಇವರಿಗೆ ಮುಂದೆ 1913ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ದೇಶ ದೇಶಗಳು ಒಬ್ಬರ ಜ್ಞಾನವನ್ನು ಒಬ್ಬರು ಹಂಚಿಕೊಂಡರೆ ಯುದ್ಧದ ಮಾತೇ ಬರುವುದಿಲ್ಲ ಎಂಬುದು ಇಬ್ಬರ ನಂಬಿಕೆಯಾಗಿತ್ತು.

1895ರಲ್ಲಿ ಇಬ್ಬರೂ ಕೆಲಸ ಆರಂಭಿಸಿದರು. ಅಂಗೈಯಗಲದ ಕಾರ್ಡುಗಳ ಮೇಲೆ ಒಂದೊಂದು ಪುಸ್ತಕದ, ಲೇಖನದ ವಿವರ ಬರೆದು ಮರದ ಡ್ರಾಯರುಗಳಲ್ಲಿ ವಿಷಯವಾರು ಜೋಡಿಸಿದರು. ಪ್ರತಿ ವಿಷಯಕ್ಕೂ ಒಂದು ಸಂಖ್ಯೆ. ಆ ಸಂಖ್ಯೆಯ ಪದ್ಧತಿ ಇಂದಿಗೂ ಜಗತ್ತಿನ ಅನೇಕ ಗ್ರಂಥಾಲಯಗಳಲ್ಲಿ ಬಳಕೆಯಲ್ಲಿದೆ. ಕಾರ್ಡುಗಳ ಸಂಖ್ಯೆ ಬೆಳೆದು ಬೆಳೆದು ಒಂದು ಕೋಟಿ ಇಪ್ಪತ್ತು ಲಕ್ಷವನ್ನು ದಾಟಿತು. ಜಗತ್ತಿನ ಯಾವ ಮೂಲೆಯಿಂದ ಯಾರು ಬೇಕಾದರೂ ಪತ್ರ ಬರೆದೋ ತಂತಿ ಕಳಿಸಿಯೋ ಪ್ರಶ್ನೆ ಕೇಳಬಹುದಾಗಿತ್ತು. ಸಿಬ್ಬಂದಿ ಡ್ರಾಯರು ತೆರೆದು, ಬೇಕಾದ ಕಾರ್ಡುಗಳ ಪ್ರತಿ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದರು. ಇಂದು ನಾವು ಗೂಗಲಿನಲ್ಲಿ ಹುಡುಕುವುದೂ ಇದನ್ನೇ ಅಲ್ಲವೇ? ಅಂದು ವಾರಗಳು ಹಿಡಿಯುತ್ತಿದ್ದವು, ಇಂದು ಕ್ಷಣ ಸಾಕು.

ಈ ಕಾರ್ಯದಲ್ಲಿಯೂ ಹೆಣ್ಣುಮಕ್ಕಳ ಪಾಲು ದೊಡ್ಡದು. ಹೆನ್ರಿಯವರ ಅಕ್ಕತಂಗಿಯರಲ್ಲಿ ಒಬ್ಬರಾದ ಲಿಯೊನಿ ಲಾ ಫೊಂಟೇನ್ ಈ ಪಟ್ಟಿಗಾಗಿ ದುಡಿದರು. 1909ರಲ್ಲಿ ಮಹಿಳೆಯರ ಸ್ಥಿತಿಗತಿಗೆ ಸಂಬಂಧಿಸಿದ ಬರಹಗಳನ್ನು ಒಟ್ಟುಗೂಡಿಸಲೆಂದೇ ಪ್ರತ್ಯೇಕ ಕಚೇರಿಯೊಂದನ್ನು ತೆರೆದರು.

1914ರಲ್ಲಿ ಮೊದಲ ಮಹಾಯುದ್ಧ ಬಂತು. ಶಾಂತಿಯ ಕನಸು ಕಂಡ ಓಟ್ಲೆಯವರ ಒಬ್ಬ ಮಗನೇ ರಣರಂಗದಲ್ಲಿ ಮಡಿದ. ಆದರೂ ಅವರು ಕೈಬಿಡಲಿಲ್ಲ. ಯುದ್ಧ ಮುಗಿದ ಮೇಲೆ ಸರಕಾರ ಕೊಟ್ಟ ಕಟ್ಟಡದಲ್ಲಿ ಸಂಗ್ರಹವನ್ನು ಇನ್ನಷ್ಟು ಬೆಳೆಸಿದರು. ಅದಕ್ಕೆ ಮುಂಡಾನಿಯಂ ಎಂದು ಹೆಸರಿಟ್ಟರು. 1934ರಲ್ಲಿ ಸರಕಾರ ಆ ಬಾಗಿಲನ್ನು ಮುಚ್ಚಿಸಿತು. ಅದೇ ವರ್ಷ ಅವರು ಬರೆದ ಗ್ರಂಥದಲ್ಲಿ ಒಂದು ವಿಚಿತ್ರ ಚಿತ್ರಣವಿದೆ. ಮುಂದಿನ ಕಾಲದಲ್ಲಿ ಮೇಜಿನ ಮೇಲೆ ಪುಸ್ತಕಗಳೇ ಇರುವುದಿಲ್ಲ, ಒಂದು ಪರದೆ ಮತ್ತು ಒಂದು ಫೋನು ಇರುತ್ತದೆ, ದೂರದ ಭಂಡಾರದಲ್ಲಿರುವ ಪುಸ್ತಕದ ಪುಟವನ್ನು ಫೋನಿನ ಮೂಲಕ ಕೇಳಿದರೆ ಅದು ಪರದೆಯ ಮೇಲೆ ಮೂಡುತ್ತದೆ ಎಂಬುದು ಅವರ ಕಲ್ಪನೆಯಾಗಿತ್ತು. ಕಂಪ್ಯೂಟರು ಹುಟ್ಟುವ ಮೊದಲೇ ಬರೆದ ಮಾತಿದು!

1940ರಲ್ಲಿ ಹಿಟ್ಲರನ ಸೇನೆ ಬ್ರಸೆಲ್ಸಿಗೆ ನುಗ್ಗಿತು. ಜರ್ಮನ್ ಕಲೆಯ ಪ್ರದರ್ಶನಕ್ಕೆ ಜಾಗ ಬೇಕೆಂದು ಸಂಗ್ರಹವನ್ನು ಅಲ್ಲಿಂದ ತೆರವು ಮಾಡಿಸಿದರು. ಟನ್‌ಗಟ್ಟಲೆ ಪುಸ್ತಕ, ಪತ್ರಿಕೆಗಳು ನಾಶವಾದವು. 1944ರಲ್ಲಿ ಓಟ್ಲೆ ತೀರಿಕೊಂಡಾಗ ಹೊರಜಗತ್ತು ಅವರನ್ನು ಹೆಚ್ಚುಕಡಿಮೆ ಮರೆತಿತ್ತು. ಅಳಿದುಳಿದ ಕಾರ್ಡುಗಳು ಈಗ ಬೆಲ್ಜಿಯಂನ ಮೋನ್ಸ್ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿವೆ. 2013ರಲ್ಲಿ ಯುನೆಸ್ಕೊ ಅವನ್ನು ಜಗತ್ತಿನ ಸ್ಮೃತಿಯ ಪಟ್ಟಿಗೆ ಸೇರಿಸಿತು.

ಈ ಕತೆಗೆ ನಮ್ಮ ನಾಡಿನ ಒಂದು ಎಳೆಯೂ ಕೂಡಿಕೊಂಡಿದೆ. ಓಟ್ಲೆ ಕಟ್ಟಿದ ಸಂಸ್ಥೆ ಮುಂದೆ ಹೆಸರು ಬದಲಿಸಿಕೊಂಡು ಅಂತಾರಾಷ್ಟ್ರೀಯ ಒಕ್ಕೂಟವಾಯಿತು. ಅದರ ವರ್ಗೀಕರಣ ಸಮಿತಿಯಲ್ಲಿ ವರ್ಷಗಟ್ಟಲೆ ದುಡಿದವರು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್. ಅವರು ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ಅಲ್ಲಿ ದಾಖಲೆ ಶಾಸ್ತ್ರದ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಪುಸ್ತಕ ಇರುವುದು ಬೀರುವಿನಲ್ಲಿ ಬೀಗ ಹಾಕಿಡುವುದಕ್ಕಲ್ಲ, ಬಳಸುವುದಕ್ಕೆ ಎಂಬುದು 1931ರಲ್ಲಿ ಅವರು ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯ. ನಮ್ಮ ಎಷ್ಟೋ ಶಾಲೆಗಳಲ್ಲಿ ಪುಸ್ತಕದ ಬೀರುವಿನ ಕೀಲಿ ಎಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಆ ಸೂತ್ರ ಅಲ್ಲಿಗೆ ಇನ್ನೂ ತಲುಪಿಲ್ಲ.

ಬೀಗ ತೆಗೆದ ದಿನ

ಓಟ್ಲೆಯವರ ನಂತರವೂ ಕನಸು ನಿಲ್ಲಲಿಲ್ಲ. ಕಾದಂಬರಿಕಾರ ಎಚ್. ಜಿ. ವೆಲ್ಸ್ 1938ರಲ್ಲಿ ‘ವರ್ಲ್ಡ್ ಬ್ರೇನ್’ ಎಂಬ ಪುಸ್ತಕ ಪ್ರಕಟಿಸಿ, ಇಡೀ ಮಾನವ ಕುಲಕ್ಕೆ ಒಂದೇ ವಿಶ್ವಕೋಶ ಬೇಕು, ಅದು ದಿನದಿನವೂ ತಿದ್ದಲ್ಪಡುತ್ತಾ ಎಲ್ಲರ ಕೈಗೂ ಸಿಗುವಂತಿರಬೇಕು ಎಂದು ವಾದಿಸಿದರು. 1945ರಲ್ಲಿ ಅಮೆರಿಕದ ವಿಜ್ಞಾನಿ ವ್ಯಾನವರ್ ಬುಷ್ ಒಂದು ಪತ್ರಿಕೆಯಲ್ಲಿ ‘ಮೆಮೆಕ್ಸ್’ ಎಂಬ ಯಂತ್ರದ ಕಲ್ಪನೆಯನ್ನು ಮುಂದಿಟ್ಟರು. ಒಂದು ಬರಹದಿಂದ ಇನ್ನೊಂದು ಬರಹಕ್ಕೆ ದಾರಿ ಮಾಡಿಕೊಂಡು ಹೋಗುವ ಮೇಜು ಅದು. ಆ ಲೇಖನವನ್ನು ಫಿಲಿಪೈನ್ಸಿನಲ್ಲಿದ್ದ ನೌಕಾಪಡೆಯ ಯುವಕನೊಬ್ಬ ರೆಡ್ ಕ್ರಾಸ್‌ನ ಪುಟ್ಟ ವಾಚನಾಲಯದಲ್ಲಿ ಕುಳಿತು ಓದಿದ. ಅವನ ಹೆಸರು ಡಗ್ಲಸ್ ಎಂಗಲ್‌ಬರ್ಟ್. ಮನುಷ್ಯರು ಒಟ್ಟಾಗಿ ಯೋಚಿಸುವುದಕ್ಕೆ ಯಂತ್ರ ನೆರವಾಗಬೇಕು ಎಂಬ ಹಂಬಲವನ್ನು ಅವನು ಜೀವನವಿಡೀ ಬಿಡಲಿಲ್ಲ. ಕಂಪ್ಯೂಟರಿನ ಜೊತೆ ಇರುವ ‘ಮೌಸ್’ ಅವನದೇ ಕಾಣಿಕೆ. ಒಂದು ವಾಚನಾಲಯದ ಒಂದು ಪತ್ರಿಕೆ ಒಬ್ಬ ಹುಡುಗನ ಕೈಗೆ ಸಿಕ್ಕಿದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

1989ರಲ್ಲಿ ಸ್ವಿಟ್ಜರ್‌ಲೆಂಡಿನ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್ ಲೀ, ವಿಜ್ಞಾನಿಗಳು ಮಾಹಿತಿ ಹಂಚಿಕೊಳ್ಳಲು ಒಂದು ವ್ಯವಸ್ಥೆಯನ್ನು ಸೂಚಿಸಿದರು. ಅದೇ ಇಂದಿನ ವರ್ಲ್ಡ್ ವೈಡ್ ವೆಬ್. ಆಗ ಅದಕ್ಕೊಂದು ಪ್ರತಿಸ್ಪರ್ಧಿ ಇತ್ತು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು ಮಾಡಿದ ‘ಗೋಫರ್’ ಎಂಬ ವ್ಯವಸ್ಥೆ ಆಗಲೇ ಜನಪ್ರಿಯವಾಗಿತ್ತು. 1993ರ ಆರಂಭದಲ್ಲಿ ಅದರ ಬಳಕೆಗೆ ಕೆಲವರಿಂದ ಶುಲ್ಕ ಪಡೆಯುವುದಾಗಿ ವಿಶ್ವವಿದ್ಯಾಲಯ ಹೇಳಿತು. ಜನ ಹಿಂದೆ ಸರಿದರು. ಅದೇ ವರ್ಷ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ವೆಬ್ಬನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು ಎಂದು ಬರೆದುಕೊಟ್ಟಿತು. ಬೀಗ ಹಾಕಲು ಹೊರಟದ್ದು ಮೂಲೆ ಸೇರಿತು, ಬೀಗ ತೆಗೆದದ್ದು ಜಗತ್ತನ್ನೇ ಆವರಿಸಿತು.

ವೆಲ್ಸ್ ಬಯಸಿದ್ದ ವಿಶ್ವಕೋಶವೂ ಬಂತು. 2000ದಲ್ಲಿ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬ ಇಬ್ಬರು ಅಮೆರಿಕನ್ನರು ವಿದ್ವಾಂಸರಿಂದಲೇ ಬರೆಸುವ ಒಂದು ವಿಶ್ವಕೋಶಕ್ಕೆ ಕೈಹಾಕಿದ್ದರು. ಪರಿಶೀಲನೆಯ ಏಳು ಮೆಟ್ಟಿಲು ಹತ್ತುವಷ್ಟರಲ್ಲಿ ಬರೆಯುವವರೇ ಸುಸ್ತಾದರು. ಮೊದಲ ವರ್ಷ ಮುಗಿದ ಲೇಖನಗಳು ಇಪ್ಪತ್ತರ ಆಸುಪಾಸು. 2001ರ ಜನವರಿ 15ರಂದು ಅವರು ಯಾರು ಬೇಕಾದರೂ ಬರೆಯಬಹುದಾದ, ತಿದ್ದಬಹುದಾದ ವಿಕಿಪೀಡಿಯವನ್ನು ತೆರೆದರು. ಒಂದೇ ವರ್ಷದಲ್ಲಿ ಸಾವಿರಾರು ಲೇಖನಗಳಾದವು. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಈಗ ಅದರಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಸಂಬಳವಿಲ್ಲದೆ, ಹೆಸರಿನ ಆಸೆಯಿಲ್ಲದೆ ಬರೆಯುವ ವಿದ್ಯಾರ್ಥಿಗಳು, ಶಿಕ್ಷಕರು, ನಿವೃತ್ತರು ಅದನ್ನು ಬೆಳೆಸುತ್ತಿದ್ದಾರೆ.

ಎಲ್ಲರೂ ತಿದ್ದಿದರೆ ತಪ್ಪು ತುಂಬುವುದಿಲ್ಲವೇ? 2005ರಲ್ಲಿ ‘ನೇಚರ್’ ಪತ್ರಿಕೆ 42 ವಿಜ್ಞಾನ ಲೇಖನಗಳನ್ನು ತಜ್ಞರಿಂದ ಪರೀಕ್ಷೆ ಮಾಡಿಸಿತು. ವಿಕಿಪೀಡಿಯದ ಒಂದು ಲೇಖನದಲ್ಲಿ ಸರಾಸರಿ ನಾಲ್ಕು ತಪ್ಪುಗಳಿದ್ದರೆ, ಹೆಸರಾಂತ ಬ್ರಿಟಾನಿಕ ವಿಶ್ವಕೋಶದಲ್ಲಿ ಸುಮಾರು ಮೂರಿದ್ದವು. ಬ್ರಿಟಾನಿಕದವರು ಈ ಪರೀಕ್ಷೆಯನ್ನು ಒಪ್ಪಲಿಲ್ಲ. ಆದರೂ ಜನಸಾಮಾನ್ಯರ ಕೈಬರಹ ವಿದ್ವಾಂಸರ ಗ್ರಂಥಕ್ಕೆ ಇಷ್ಟು ಹತ್ತಿರ ಬಂದೀತೆಂದು ಮೊದಲು ಯಾರೂ ಎಣಿಸಿರಲಿಲ್ಲ.

ನೂರು ಬಾಯಿ, ಒಂದೇ ಸುಳ್ಳು

ಇಷ್ಟು ಓದಿದ ಮೇಲೆ, ಹಾಗಾದರೆ ಹೆಚ್ಚು ಜನ ಹೇಳಿದ್ದೆಲ್ಲ ಸತ್ಯವೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಇಲ್ಲಿಯೇ ನಾವು ಎಡವುವುದು.

2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಒಂದು ಹಳ್ಳಿಗೆ ಕಾರಿನಲ್ಲಿ ಬಂದಿದ್ದ ಕೆಲವು ಗೆಳೆಯರು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸಪ್ಪಿನಲ್ಲಿ ಹಬ್ಬಿತು. ಗುಂಪು ಸೇರಿತು. ಹೈದರಾಬಾದಿನ ಒಬ್ಬ ಯುವ ಎಂಜಿನಿಯರ್ ಪ್ರಾಣ ಕಳೆದುಕೊಂಡ. ಅವನೂ ಒಬ್ಬ ತಾಯಿಯ ಮಗ. ಆ ತಿಂಗಳಲ್ಲೇ ವಾಟ್ಸಪ್ ಕಂಪೆನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕಿತು. ಹೋದ ಜೀವ ಮರಳಿ ಬರಲಿಲ್ಲ.

ಪ್ಲಿಮತ್ತಿನ ಜಾತ್ರೆಯಲ್ಲೂ ಗುಂಪಿತ್ತು, ಬೀದರಿನಲ್ಲೂ ಗುಂಪಿತ್ತು. ಒಂದು ಗುಂಪು ಸತ್ಯದ ಹತ್ತಿರ ಹೋಯಿತು, ಇನ್ನೊಂದು ಕೊಲೆ ಮಾಡಿತು. ವ್ಯತ್ಯಾಸ ಎಲ್ಲಿದೆ? ಜಾತ್ರೆಯಲ್ಲಿ 787 ಮಂದಿ 787 ಬಾರಿ ಯೋಚಿಸಿದ್ದರು. ವಾಟ್ಸಪ್ಪಿನಲ್ಲಿ ಯಾರೋ ಒಬ್ಬ ಹೇಳಿದ್ದನ್ನು ಸಾವಿರ ಜನ ಯೋಚಿಸದೆ ದಾಟಿಸಿದ್ದರು. ಸಾವಿರ ಬಾಯಿಂದ ಬಂದರೂ ಅದು ಒಬ್ಬನ ಮಾತೇ. ಮರ್ರೆಯವರ ಚೀಟಿಯಲ್ಲಿ ಪುಸ್ತಕದ ಹೆಸರು, ವರ್ಷ, ಪುಟ ಇರಲೇಬೇಕಿತ್ತು. ಸಂಶಯ ಬಂದವರು ಹೋಗಿ ನೋಡಬಹುದಿತ್ತು. ವದಂತಿಗೆ ಊರೂ ಇಲ್ಲ, ಪುಟವೂ ಇಲ್ಲ. ವಿಕಿಪೀಡಿಯದಲ್ಲಿ ತಪ್ಪು ಬರೆದರೆ ಇನ್ನೊಬ್ಬರು ಬಂದು ತಿದ್ದುತ್ತಾರೆ, ಯಾರು ಯಾವಾಗ ಏನು ಬದಲಿಸಿದರು ಎಂಬುದೂ ದಾಖಲಾಗುತ್ತದೆ. ವದಂತಿಯನ್ನು ತಿದ್ದುವವರಿಲ್ಲ.

ಹದೀಸ್ ಕಲಿಯುವವರಿಗೆ ಈ ಎಚ್ಚರ ಹೊಸತಲ್ಲ. ಮಾತು ಎಷ್ಟೇ ಚೆನ್ನಾಗಿರಲಿ, ಇದನ್ನು ಯಾರು ಯಾರಿಂದ ಕೇಳಿದರು ಎಂಬ ಸರಪಳಿಯನ್ನು ಪರೀಕ್ಷಿಸದೆ ಅಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವಂತಿಲ್ಲ. ಅದೇ ನಾವು ಮೊಬೈಲು ಕೈಗೆತ್ತಿಕೊಂಡಾಗ ಆ ಪ್ರಶ್ನೆಯನ್ನು ಮರೆತುಬಿಡುತ್ತೇವೆ.

ನಮ್ಮ ಮನೆಯಿಂದಲೇ

ಸಹೋದರಿಯರೇ, ಇದೆಲ್ಲ ದೊಡ್ಡ ದೊಡ್ಡವರ ಕತೆ, ನಮಗೇನು ಎಂದುಕೊಳ್ಳಬೇಡಿ. ನಿಘಂಟಿಗೆ ಚೀಟಿ ಬರೆದವರಲ್ಲಿ ಹೆಚ್ಚಿನವರು ನಮ್ಮ ನಿಮ್ಮಂತಹ ಸಾಮಾನ್ಯರೇ.

ಮನೆಯಲ್ಲಿ ಒಂದು ನೋಟ್ ಪುಸ್ತಕ ಇಡಿ. ಅಜ್ಜಿ, ಅಮ್ಮ, ಅತ್ತೆ ಬಲ್ಲ ಅಡುಗೆ, ಹೊಲಿಗೆ, ಹಾಡು, ಗಾದೆ, ಊರಿನ ಹಳೆಯ ಸಂಗತಿ, ಎಲ್ಲವನ್ನೂ ಮಕ್ಕಳ ಕೈಯಲ್ಲಿ ಬರೆಸಿ. ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದನ್ನೂ ಬರೆಸಿ. ಮೊಬೈಲಿಗೆ ಬಂದ ಸಂದೇಶವನ್ನು ಮುಂದಕ್ಕೆ ಕಳಿಸುವ ಮೊದಲು ‘ಇದನ್ನು ಕಣ್ಣಾರೆ ಕಂಡವರು ಯಾರು?’ ಎಂದು ಕೇಳಿ. ಉತ್ತರ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಓದು ಬರಹ ಬಲ್ಲ ಹೆಣ್ಣುಮಕ್ಕಳು ಕನ್ನಡ ವಿಕಿಪೀಡಿಯದಲ್ಲಿ ತಮ್ಮ ಊರಿನ ಬಗ್ಗೆ, ತಮ್ಮ ಕಡೆಯ ಆಹಾರದ ಬಗ್ಗೆ, ನಾಡಿಗೆ ಹೆಸರು ತಂದ ಮಹಿಳೆಯರ ಬಗ್ಗೆ ಆಧಾರ ಸಮೇತ ಬರೆಯಬಹುದು. ಅಲ್ಲಿ ಬರೆಯುವವರಲ್ಲಿ ಹೆಣ್ಣುಮಕ್ಕಳು ಬಹಳ ಕಡಿಮೆ. ನಾವು ಬರೆಯದಿದ್ದರೆ ನಮ್ಮ ಕತೆಯೂ ಆ ದಾಸಿಯ ಪದದಂತೆ ಬಿಟ್ಟುಹೋಗುತ್ತದೆ.

ಕೊನೆಗೆ ಮತ್ತೆ ನಾನಿಯ ಉಪ್ಪಿನಕಾಯಿಗೆ ಬರೋಣ. ಕೆಲವು ವರ್ಷಗಳ ಹಿಂದೆ ನಾನಿಯ ಮೊಮ್ಮಗಳೊಬ್ಬಳು ರಜೆಗೆ ಬಂದವಳು ಹಠ ಹಿಡಿದು ಒಂದು ಪುಸ್ತಕ ಹಿಡಿದು ಕೂತಳು. ನಾನಿಯನ್ನು ಬಲ್ಲವರನ್ನೆಲ್ಲ ಕೇಳಿದಳು. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಿಸುತ್ತಿದ್ದರು, ಸೊನೆ ಸೋರಲು ಬಿಡುತ್ತಿರಲಿಲ್ಲ ಎಂದು ದೊಡ್ಡ ಸೊಸೆ ನೆನಪಿಸಿಕೊಂಡರು. ಕಲ್ಲುಪ್ಪಿನಲ್ಲಿ ಮಿಡಿ ಸುಕ್ಕುಗಟ್ಟುವವರೆಗೆ ಇಡುತ್ತಿದ್ದರು ಎಂದರು ಚಿಕ್ಕ ಸೊಸೆ. ಆ ಉಪ್ಪುನೀರನ್ನು ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ, ಮೆಣಸು ರುಬ್ಬುತ್ತಿದ್ದರು ಎಂದು ಮಸಾಲೆ ರುಬ್ಬಿಕೊಡಲು ಬರುತ್ತಿದ್ದ ಹೆಂಗಸು ಹೇಳಿದಳು. ಜಾಡಿಯನ್ನು ಎರಡು ದಿನ ಬಿಸಿಲಿಗೆ ಇಡುತ್ತಿದ್ದುದನ್ನು ಪಕ್ಕದ ಮನೆಯವರು ಕಂಡಿದ್ದರು. ಒಬ್ಬೊಬ್ಬರ ಬಳಿ ಒಂದೊಂದು ಚೂರು ಇತ್ತು. ಯಾರ ಬಳಿಯೂ ಪೂರ್ತಿ ಇರಲಿಲ್ಲ.

ಆ ವರ್ಷದ ಉಪ್ಪಿನಕಾಯಿ ಕೆಡಲಿಲ್ಲ. ನಮ್ಮ ಮನೆಗೂ ಒಂದು ಬಾಟಲಿ ಬಂತು. ಜೊತೆಗೆ ಅವಳ ಅಕ್ಷರದಲ್ಲಿ ಮಾಡುವ ಕ್ರಮ ಬರೆದ ಒಂದು ಹಾಳೆಯೂ ಇತ್ತು. ಕೆಳಗೆ ಹೇಳಿಕೊಟ್ಟವರೆಲ್ಲರ ಹೆಸರು. ಎಲ್ಲಕ್ಕಿಂತ ಮೇಲೆ ನಾನಿಯ ಹೆಸರು.